ನಲವತ್ತೊಂದು ಮೀನಿನ ಮೂಳೆ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಜರಡಿ ಅಕ್ಕ ಕಿಟಕಿ ಪಕ್ಕದ ಖಾಲಿ ತಟ್ಟೆಯೊಂದನ್ನು ಒರೆಸಲೆಂದು ಎತ್ತಿದರು. ಅದರಡಿ ಎರಡು ಚೀಟಿ ಅಂಟಿಕೊಂಡಿದ್ದವು. ಇರಬೇಕಾದದ್ದು ಒಂದು.

ಗುಹೆಯಿಂದ ಅಗೆದು ತಂದ ಮಣ್ಣನ್ನು ಜರಡಿಯಲ್ಲಿ ತೊಳೆದು, ಒಣಗಿಸಿ, ಚಿಮಟದಿಂದ ಮೂಳೆಯ ಚೂರುಗಳನ್ನು ಆರಿಸುವುದು ಹತ್ತೊಂಬತ್ತು ವರ್ಷಗಳಿಂದ ಅವರ ಕೆಲಸ. ಮಣ್ಣು ಯಾವ ಪದರದ್ದೆಂದು ತಟ್ಟೆಯಡಿಯ ಚೀಟಿಯೇ ಹೇಳಬೇಕು. "ಹದಿನೆಂಟು ಸಾವಿರ ವರ್ಷದ ಎಂಜಲು ತೊಳೀತೀಯ, ಮನೇಲಿ ನಿನ್ನೆಯದು ಹಾಗೇ ಬಿದ್ದಿದೆ" ಎಂದು ಅವರ ಅತ್ತೆ ಆಗಾಗ ಕುಟುಕುವುದುಂಟು. "ಅದೂ ಹಳೇದಾಗಲಿ, ತೊಳೀತೀನಿ ಅತ್ತೆ" ಎನ್ನುತ್ತಿದ್ದರು ಇವರು.

ಆ ಗುಹೆಯಲ್ಲಿ ಹಿಮಯುಗದ ಬೇಟೆಗಾರರ ಒಲೆಯೊಂದು ಸಿಕ್ಕಿತ್ತು. ಅವರು ಜಿಂಕೆಯನ್ನಷ್ಟೇ ತಿಂದು ಬದುಕಿದರೆಂದು ಎಲ್ಲರೂ ನಂಬಿದ್ದರು. ಒಲೆಯ ಪದರದಲ್ಲಿ ನಲವತ್ತೊಂದು ಮೀನಿನ ಮೂಳೆಗಳನ್ನು ಅಕ್ಕ ಆರಿಸಿ ಕೊಟ್ಟ ಮೇಲೆ, ಸಂಶೋಧನೆಯ ಮೇಡಂ ಮೂರು ವರ್ಷದ ಬರವಣಿಗೆಯ ಕೊನೆಯ ತೀರ್ಮಾನವನ್ನು ಅದರ ಮೇಲೇ ನಿಲ್ಲಿಸಿದ್ದರು. ಮುಂದಿನ ತಿಂಗಳು ವಿದ್ವಾಂಸರ ಸಭೆಯಲ್ಲಿ ಅದನ್ನು ಓದಬೇಕಿತ್ತು.

ಹಿಂದಿನ ವಾರ ಅಕ್ಕ ಚೀಟಿ ನೋಡಿರಲಿಲ್ಲ. ಎಡಗಡೆಯ ತಟ್ಟೆ ಮೇಲಿನ ಪದರ, ಬಲಗಡೆಯದು ಒಲೆಯ ಪದರ ಎಂಬ ರೂಢಿಯ ಮೇಲೆಯೇ ಆರಿಸಿದ ಮೂಳೆಯ ಡಬ್ಬಿಗಳಿಗೆ ಹೆಸರು ಬರೆದಿದ್ದರು. ಈಗ ಎರಡೂ ಪದರದ ಚೀಟಿಗಳು ಒಂದೇ ತಟ್ಟೆಯಡಿ ಸಿಕ್ಕಿದ್ದವು. ಮೇಲಿನ ಪದರ ಎಷ್ಟೋ ಸಾವಿರ ವರ್ಷ ಈಚಿನದು. ಅಲ್ಲಿ ಮೀನು ಸಿಕ್ಕರೆ ಅಚ್ಚರಿಯೇನಿಲ್ಲ.

ಕೈ ಒರೆಸಿಕೊಂಡು ನೇರ ಮೇಡಂ ಕೋಣೆಗೆ ಹೋದರು.

"ಯಾವ ತಟ್ಟೆ ಯಾವುದು ಅಂತ ಈಗ ನಾನು ಹೇಳಲಾರೆ ಮೇಡಂ. ತಪ್ಪು ನನ್ನದೇ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ಎಲ್ಲಾ ಹೋಯ್ತಾ ಅಕ್ಕ?"

"ಬೇರೆ ದಿನ ಆರಿಸಿದ್ದು ಸ್ವಲ್ಪ ಇದೆ. ನೋಟ್‌ಬುಕ್ ನೋಡಿ ಹೇಳ್ತೀನಿ."

"ನೀವು ಸುಮ್ಮನಿದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಸುಮ್ಮನಿದ್ರೆ ನನಗೆ ಊಟ ಸೇರ್ತಿರ್ಲಿಲ್ಲ."

"ನನಗಂತೂ ಇವತ್ತು ಸೇರಲ್ಲ ಬಿಡಿ" ಎಂದು ಮೇಡಂ ಕುರ್ಚಿ ಎಳೆದು ಕೊಟ್ಟರು.

ಎರಡು ದಿನ ಇಬ್ಬರೂ ಒಂದೇ ಮೇಜಿಗೆ ಕುಳಿತು ಪ್ರತಿ ಮೂಳೆಯ ಸಂಖ್ಯೆಯನ್ನು ನೋಟ್‌ಬುಕ್ಕಿನ ತಾರೀಕಿಗೆ ಹೊಂದಿಸಿದರು. ಒಲೆಯ ಬೂದಿಗಟ್ಟಿಯನ್ನು ಅಕ್ಕ ಬೇರೊಂದು ದಿನ, ಮೇಜಿನ ಮೇಲೆ ಅದೊಂದನ್ನೇ ಇಟ್ಟುಕೊಂಡು ಒಡೆದಿದ್ದರು. ಅದರೊಳಗಿಂದ ಬಂದ ಮೀನಿನ ಮೂಳೆಗಳ ಬಗ್ಗೆ ಮಾತ್ರ ಅನುಮಾನವಿರಲಿಲ್ಲ. ಉಳಿದವನ್ನು ಮೇಡಂ ಲೆಕ್ಕದಿಂದ ಬಿಟ್ಟು, ಬಿಟ್ಟದ್ದೇಕೆಂದೂ ಬರೆದರು. ನಂತರ, "ಸಭೆಗೆ ನೀವೂ ಬನ್ನಿ" ಎಂದರು.

ಸಭೆಯಲ್ಲಿ ಓದು ಮುಗಿದಾಗ ಹಿರಿಯರೊಬ್ಬರು ಎದ್ದು ಕೇಳಿದರು: "ಒಲೆಯದ್ದೇ ಅಂತ ಆಣೆ ಇಟ್ಟು ಹೇಳಬಹುದಾದ ಮೀನಿನ ಮೂಳೆ ಎಷ್ಟಮ್ಮ?"

"ಆರಿಸಿದವರು ಇಲ್ಲೇ ಇದ್ದಾರೆ ಸರ್. ಅವರನ್ನೇ ಕೇಳಿ."

ಕೊನೆಯ ಸಾಲಿನಲ್ಲಿ ಅಕ್ಕ ಎದ್ದು ನಿಂತರು. ನೋಟ್‌ಬುಕ್ ತೆರೆಯಲಿಲ್ಲ.

"ಮೂರು."