ಖಾಲಿ ಸಾಲಿನಲ್ಲೊಬ್ಬ

“ಈ ಸಾಲಲ್ಲಿ ಈಗ ಯಾರೂ ಇಲ್ಲ, ಎಲ್ಲಾ ಖಾಲಿ” ಎಂದು, ಹಳೆಯ ಕಾರ್ಖಾನೆ ಊರು ತೋರಿಸಲು ಶಿವಮೊಗ್ಗದಿಂದ ಪ್ರವಾಸಿಗರನ್ನು ಸ್ಕೂಟರುಗಳಲ್ಲಿ ಕರೆತಂದಿದ್ದ ಗೈಡ್ ಘೋಷಿಸಿದ. ಭದ್ರಾವತಿಯ ನ್ಯೂ ಟೌನಿನ ಕಾರ್ಖಾನೆ ಕ್ವಾರ್ಟರ್ಸುಗಳ ಅದೇ ಸಾಲಿನ ನನ್ನ ಮನೆಯ ಗೇಟಿನಲ್ಲಿ ನಾನು ನಿಂತಿದ್ದೆ. “ನಾನಿದ್ದೀನಲ್ಲ ಮಾರಾಯ!” ಎಂದು ನನ್ನ ಅಸ್ತಿತ್ವವನ್ನು ಸವಿನಯವಾಗಿ ಅವನ ಗಮನಕ್ಕೆ ತಂದೆ. ಎಲ್ಲರೂ ನಕ್ಕರು.

ಒಂದು ಸ್ಕೂಟರಿನ ಹಿಂದಿನ ಸೀಟಿನಿಂದ ಇಳಿದ ದಾವಣಗೆರೆಯ ಹೆಂಗಸೊಬ್ಬರು ಮಾತ್ರ ನಗಲಿಲ್ಲ. ನುಣ್ಣಗೆ ಶೇವ್ ಮಾಡಿದ್ದ ನನ್ನ ಮುಖವನ್ನೂ ಇಸ್ತ್ರಿ ಹಾಕಿದ ಖಾಕಿ ಅಂಗಿಯನ್ನೂ ನೋಡಿದರು. “ಡ್ಯೂಟಿಗೆ ಹೊರಟ್ರಾ ಅಣ್ಣ?”

ಕಾರ್ಖಾನೆಯ ನನ್ನ ಗುತ್ತಿಗೆ ಕೆಲಸ ಹೋಗಿ ವರ್ಷಗಳೇ ಆಗಿವೆ. “ಇಲ್ಲಮ್ಮ. ಯಾವತ್ತಾದ್ರೂ ಕರೆದ್ರೆ ರೆಡಿ ಇರ್ಬೇಕಲ್ಲ” ಎಂದೆ.

“ನಮ್ಮನೆಯೋರೂ ಮಿಲ್ ನಿಂತ ಮೇಲೆ ದಿನಾ ಹೀಗೇ ರೆಡಿಯಾಗಿ ಬಾಗಿಲಲ್ಲಿ ನಿಲ್ತಿದ್ರು. ತೀರ್ಕೊಂಡ ದಿನಾನೂ ಶೇವ್ ಮಾಡ್ಕೊಂಡಿದ್ರು.”

“ಕರೆದಿದ್ರಾ ಅವ್ರನ್ನ?”

ಆಕೆ ನನ್ನ ಗೇಟಿನ ಚಿಲಕವನ್ನು ಮೆಲ್ಲಗೆ ಹಾಕಿ, ಹೆಲ್ಮೆಟ್ ಧರಿಸಿ ಸ್ಕೂಟರ್ ಹತ್ತಿದರು.

ಈಗಲೂ ದಿನಾ ಶೇವ್ ಮಾಡಿಕೊಳ್ಳುತ್ತೇನೆ. ಯಾರೂ ಕರೆಯುವುದಿಲ್ಲವೆಂದು ಅಂದೇ ಗೊತ್ತಾಯಿತು. ಆದರೆ ನಾನೆಂದೂ ಕಾಣದ ದಾವಣಗೆರೆಯ ಆ ಸಹೋದ್ಯೋಗಿಯ ಮುಂದೆ ಗಡ್ಡ ಬಿಟ್ಟುಕೊಂಡು ನಿಲ್ಲುವುದು ಶಿಸ್ತಲ್ಲ.