ಹೊಸ್ತಿಲಲ್ಲೇ ಉಳಿದ ಹೆಸರು

ನಮ್ಮವ್ವ ಆರೋಗ್ಯವ್ವ ಯಾರಿಗೂ ಹೆದರಿದವಳಲ್ಲ. ಬ್ಯಾಡಗಿಯ ಅಂಗಡಿಗಳಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಾಗ ಸಾವುಕಾರನ ಎದುರಿಗೇ ‘ನಿಮ್ಮ ತಕ್ಕಡಿಗೆ ಜ್ವರ ಬಂದೈತೇನ್ರೀ?’ ಎಂದು ಕೇಳಿದ ಹೆಣ್ಣು. ಚರ್ಚಿನಲ್ಲಿ ಪ್ರಸಂಗ ಉದ್ದವಾದರೆ ಫಾದರಿಗೆ ಕೇಳಿಸುವಂತೆ ಆಕಳಿಸುತ್ತಿದ್ದಳು. ಇಂಥವಳ ಬಾಯಿಂದ ಒಂದೇ ಒಂದು ಮಾತು ಹೊರಬೀಳುತ್ತಿರಲಿಲ್ಲ. ಅದು ಗಂಡನ ಹೆಸರು.

ನಮ್ಮ ಸೀಮೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿಕೆ. ನಾವು ಕ್ರೈಸ್ತರಾದರೇನು, ಕುಡಿದದ್ದು ಇದೇ ಊರಿನ ನೀರು. ಒಡಪು ಕಟ್ಟಿ ಹೇಳಲು ಮಾತ್ರ ಪರವಾನಗಿ ಉಂಟು. ಪ್ರಾಸ ಕೂಡಿಸಿ ಎರಡು ಸಾಲು ಹೇಳಿ, ನಡುವೆ ಹೆಸರನ್ನು ತೂರಿಸಿಬಿಟ್ಟರೆ ದೋಷವಿಲ್ಲ. ಹೊಸ ಮದುಮಗಳನ್ನು ಹೊಸ್ತಿಲಲ್ಲಿ ಅಡ್ಡಗಟ್ಟಿ ಒಡಪು ಹೇಳಿಸಿಯೇ ಒಳಗೆ ಬಿಡುವುದು ಪದ್ಧತಿ. ೧೯೫೮ರಲ್ಲಿ ಮದುವೆಯಾಗಿ ಬಂದ ಅವ್ವ ಅಲ್ಲಿಯೂ ಬಾಯಿ ಬಿಡಲಿಲ್ಲ. ಮಧ್ಯಾಹ್ನ ನಿಂತವಳು ದೀಪ ಹಚ್ಚುವ ಹೊತ್ತಾದರೂ ನಿಂತೇ ಇದ್ದಳಂತೆ. ಕೊನೆಗೆ ನಮ್ಮಜ್ಜಿಯೇ, ‘ಒಳಗ ಬಾರವ್ವಾ, ಸಾರು ಆರಾಕತ್ತೈತಿ’ ಎಂದು ಸೋಲೊಪ್ಪಿಕೊಂಡಳು.

ಆ ಹೆಸರಿನ ಯಜಮಾನ, ನಮ್ಮಪ್ಪ ಇನ್ನಾಸಪ್ಪ, ಬ್ಯಾಡಗಿ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಇಡೀ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುತ್ತಿದ್ದವನಿಗೆ ಹೆಂಡತಿಯ ನಾಲಗೆಯನ್ನು ತಿರುಗಿಸಲಾಗಲಿಲ್ಲ. ಹೊಸ್ತಿಲಲ್ಲಿ ಆದ ಅವಮಾನವನ್ನು ಅವನು ಮೂವತ್ತೈದು ವರ್ಷ ಜತನವಾಗಿ ಕಾಪಾಡಿಕೊಂಡು ಬಂದ. ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ಮಾತು ಹೋಗಿ ಅಲ್ಲಿಗೇ ನಿಲ್ಲುತ್ತಿತ್ತು. ‘ಎಲ್ಲಾರ ಹೆಂಡಂದಿರೂ ಹೇಳಿದ್ರು. ನನ್ನ ಹೆಸರಿಗೇನು ಹುಳ ಹತ್ತಿತ್ತು?’ ಅವ್ವ ಅವನನ್ನು ‘ರೀಟಾನ ಅಪ್ಪಾ’ ಎಂದೇ ಕರೆಯುತ್ತಿದ್ದಳು. ರೀಟಾ ಎಂದರೆ ನಾನು. ನಾನು ಹುಟ್ಟುವ ಮೊದಲು ಹೇಗೆ ಕರೆಯುತ್ತಿದ್ದಳೋ ಏನೋ, ಬಹುಶಃ ತಂಬಿಗೆ ಸಪ್ಪಳ ಮಾಡುತ್ತಿದ್ದಿರಬೇಕು.

ಅಪ್ಪ ರಿಟೈರಾದ ಮೇಲೆ, ೧೯೯೩ರಲ್ಲಿ, ಎದೆನೋವು ಬಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದ. ಆಗ ಅವ್ವ ಹರಕೆ ಹೊತ್ತಳು. ಇವರು ಎದ್ದು ಮನೆಗೆ ಬಂದರೆ ಲೂರ್ದಿಗೆ ಕರೆದುಕೊಂಡು ಬರುತ್ತೇನೆ ಅಂತ. ಲೂರ್ದು ಎಂದರೆ ಫ್ರಾನ್ಸ್ ದೇಶದಲ್ಲಿ ಮಾತೆ ಮರಿಯಮ್ಮ ಒಬ್ಬ ಬಡ ಹುಡುಗಿಗೆ ಗವಿಯಲ್ಲಿ ಕಾಣಿಸಿಕೊಂಡ ಊರು. ಅದು ನಮ್ಮ ಸೀಮೆಯ ಗಳಗನಾಥಕ್ಕಿಂತ ಚೂರು ದೂರ ಎಂದು ಅವ್ವನ ಅಂದಾಜು. ಅಪ್ಪ ಎದ್ದು ಬಂದ. ಹರಕೆ ಅಂದಮೇಲೆ ಹರಕೆಯೇ. ಅಪ್ಪನ ರಿಟೈರ್‌ಮೆಂಟಿನ ಗಂಟು ಬಿಚ್ಚಿತು, ಮಂಗಳೂರು ಕಡೆಯ ನಲವತ್ತು ಜನರ ಯಾತ್ರಾ ತಂಡದಲ್ಲಿ ನಮ್ಮ ಮೂವರ ಹೆಸರೂ ಸೇರಿತು. ನಾನು ರಾಣೆಬೆನ್ನೂರಿನ ಶಾಲೆಯೊಂದರಲ್ಲಿ ಟೀಚರ್. ಇಂಗ್ಲಿಷ್ ಬರುತ್ತದೆಂಬ ತಪ್ಪಿಗೆ ನನ್ನನ್ನೂ ಹೊರಡಿಸಿದರು.

ಹೊರಡುವ ಮುನ್ನ ಪಕ್ಕದ ಮನೆಯ ಮಹಮೂದಾಬೇಗಂ ಬಂದು ಅವ್ವನಿಗೆ ಉಪದೇಶ ಮಾಡಿದಳು. ‘ನಮ್ಮಾಗ ಹಜ್‌ಗೆ ಹೋಗೋರು ಮೊದ್ಲ ಮನಿಮನಿಗೆ ಹೋಗಿ ಮಾಫಿ ಕೇಳ್ತಾರ, ಆರೋಗ್ಯಕ್ಕಾ. ನೀನೂ ಕೇಳು. ಹೊಟ್ಯಾಗ ಜಗಳಾ ಇಟ್ಕೊಂಡು ದೇವ್ರ ಮನಿಗೆ ಹೋಗಬಾರ್ದು.’

ಅವ್ವನಿಗೆ ಅದು ಖರೇ ಅನ್ನಿಸಿತು. ಸೆರಗು ಹೊದ್ದು ಓಣಿಗೆ ಇಳಿದಳು. ಎದುರುಮನೆ ಮೈಲವ್ವನ ಬಾಗಿಲ ತನಕ ಎಲ್ಲ ಸುಸೂತ್ರ.

‘ಹಿಂದ ನಳದ ಹತ್ರ ನಿನ್ನ ಕೊಡ ಒದ್ದು ಒಡದಿದ್ದೆ. ಮನಸ್ಸಿನ್ಯಾಗ ಇಟ್ಕೋಬ್ಯಾಡವ್ವಾ’ ಎಂದಳು ಅವ್ವ.

‘ಅಂದ್ರ ಒದ್ದಾಕಿ ನೀನ ಏನು?’ ಮೈಲವ್ವ ಸೊಂಟಕ್ಕೆ ಕೈಕೊಟ್ಟಳು. ‘ಇಷ್ಟು ವರ್ಷ ನಾ ಎಮ್ಮಿ ಅಂತ ತಿಳ್ಕೊಂಡಿದ್ದೆ! ಪಾಪ, ಆ ಎಮ್ಮಿಗೆ ಎಷ್ಟು ಹೊಡದೇನಿ!’

ಸಂಜೆಯವರೆಗೂ ಮಾಫಿ ನಿಂತು ಜಗಳ ನಡೆಯಿತು. ಮರುದಿನ ಅದೇ ಮೈಲವ್ವ ಐವತ್ತು ಖಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಸಮೇತ ಗಂಟು ಕಟ್ಟಿ ಕೊಟ್ಟಳು.

ವಿಮಾನ ಹತ್ತಿದ ಅಪ್ಪ ಮೊದಲು ಕೇಳಿದ್ದು, ‘ಇದಕ್ಕ ಹಸಿರು ಬಾವುಟ ತೋರ್ಸಾಂವ ಯಾವ?’ ಯಾರೂ ತೋರಿಸದೆಯೇ ವಿಮಾನ ಎದ್ದದ್ದು ಅವನಿಗೆ ಕೊನೆಗೂ ಸರಿ ಬರಲಿಲ್ಲ. ನಮ್ಮ ತಂಡದ ಮುಖಂಡರು ಫಾದರ್ ಬೋನಿಫಾಸ್. ಮೃದು ಮನುಷ್ಯ, ಪ್ರತಿಯೊಂದಕ್ಕೂ ಗಡಿಯಾರ ನೋಡುವವರು. ಅಪ್ಪನಿಗೂ ಅವರಿಗೂ ಅದೊಂದರಲ್ಲಿ ಚೆನ್ನಾಗಿ ಹೊಂದಿತು.

ಲೂರ್ದಿನಲ್ಲಿ ಅಂದು ಕೊನೆಯ ದಿನ. ಸಂಜೆ ನಾಲ್ಕಕ್ಕೆ ಬಸ್ಸು. ಬೆಳಿಗ್ಗೆ ಗವಿಯ ಮುಂದೆ ಮೇಣದಬತ್ತಿ ಹಚ್ಚಿ ಎದ್ದ ಅಪ್ಪನನ್ನು ಅವ್ವ ಕೇಳಿದಳು, ‘ಏನ್ ಬೇಡ್ಕೊಂಡ್ರಿ?’

‘ನೀ ಒಮ್ಮೆರ ನನ್ನ ಹೆಸರು ಹೇಳ್ಲಿ ಅಂತ.’

‘ಇಷ್ಟು ದೂರ ಬಂದು ಇದನ್ನ ಬೇಡೂದು? ವಿಮಾನ ಹತ್ತಿದ್ರೂ ಮಂದಿಗೆ ಬುದ್ಧಿ ಬರಂಗಿಲ್ಲ ನೋಡ.’

ಅಪ್ಪನ ಮೂಗಿನ ತುದಿ ಕೆಂಪಾಯಿತು. ‘ಆತು. ಇನ್ನ ಹೆಸರು ಹಿಡದು ಕರದ್ರ ಬರ್ತೀನಿ. ಇಲ್ಲಂದ್ರ ಇಲ್ಲೇ ಇರ್ತೀನಿ’ ಎಂದವನೇ ಗುಂಪಿನಲ್ಲಿ ಮರೆಯಾದ. ಹಸಿವಾದರೆ ತಾನೇ ಬರುತ್ತಾನೆ, ರೊಟ್ಟಿ ಗಂಟು ನಮ್ಮ ಹತ್ತಿರವೇ ಇದೆ ಎಂದುಕೊಂಡು ನಾನು ಗವಿಯ ಪವಿತ್ರ ಬುಗ್ಗೆಯ ನೀರಿನಲ್ಲಿ ಮೀಯುವ ಹೆಂಗಸರ ಮೈಲುದ್ದದ ಸಾಲಿನಲ್ಲಿ ನಿಂತೆ.

ಮೂರೂವರೆಯಾದರೂ ಅಪ್ಪ ಬರಲಿಲ್ಲ. ಫಾದರ್ ಬೋನಿಫಾಸ್ ಗಾಬರಿಯಿಂದ ಅವ್ವನನ್ನು ಕರೆದುಕೊಂಡು, ಕಳೆದುಹೋದವರನ್ನು ಮೈಕಿನಲ್ಲಿ ಕೂಗುವ ಕೋಣೆಗೆ ಹೋದರು. ಪಾಸ್‌ಪೋರ್ಟಿನಲ್ಲಿ ಇನ್ನಾಸಪ್ಪ ಇಗ್ನೇಷಿಯಸ್ ಆಗಿದ್ದ. ಅದರಂತೆ ‘ಮಿಸ್ಟರ್ ಇಗ್ನೇಷಿಯಸ್’ ಎಂದು ಮೂರು ಸಲ ಕೂಗಿಸಿದರು. ಅಪ್ಪ ಗವಿಯ ಎದುರಿನ ಹೊಳೆದಂಡೆಯ ಬೆಂಚಿನ ಮೇಲೆ ಕುಳಿತು ಆಚೆ ದಡದ ರೈಲು ನೋಡುತ್ತಿದ್ದ. ಆ ಹೆಸರಿನಿಂದ ಅವನನ್ನು ಹುಟ್ಟಿದಾಗಿನಿಂದ ಯಾರೂ ಕರೆದಿರಲಿಲ್ಲ. ಪಾಪ, ಯಾರೋ ಕಳೆದುಹೋಗಿದ್ದಾನೆ ಎಂದುಕೊಂಡನಂತೆ.

ಆಮೇಲೆ ಮೈಕಿನಲ್ಲಿ ಅವ್ವನ ದನಿ ಬಂತು. ‘ರೀಟಾನ ಅಪ್ಪಾ, ಲಗೂ ಬರ್ರಿ, ಬಸ್ ಹೊಂಟೈತಿ.’

ಇದು ಮಾತ್ರ ಅಪ್ಪನಿಗೆ ಸರಿಯಾಗಿ ತಿಳಿಯಿತು. ತಿಳಿದು, ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತನಂತೆ.

ನಾನು ಸಾಲು ಬಿಟ್ಟು ಓಡಿದೆ. ಕೋಣೆಯಲ್ಲಿ ಫಾದರ್ ಕೈಮುಗಿದು ನಿಂತಿದ್ದರು. ‘ಹೆಸರು ಹೇಳಿ ಅಮ್ಮಾ, ಮನೆಯಲ್ಲಿ ಕರೆಯುವ ಹೆಸರು! ಇನ್ನು ಹತ್ತೇ ನಿಮಿಷ ಉಂಟು.’ ಅವ್ವ ಎರಡೂ ಕೈಯಲ್ಲಿ ಮೈಕು ಹಿಡಿದು ನಡುಗುತ್ತಿದ್ದಳು. ಸಾವುಕಾರನ ತಕ್ಕಡಿಗೆ ಜ್ವರ ಹಿಡಿಸಿದವಳು ಹೀಗೆ ನಡುಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

‘ಕೊಡವ್ವಾ, ನಾ ಹೇಳ್ತೀನಿ’ ಎಂದೆ.

‘ಸರಿ ಅತ್ಲಾಗ. ಅವ್ರು ಕಾಯಾಕತ್ತಿದ್ದು ನಿನ್ನ ದನಿಗಲ್ಲ.’

ಗೋಡೆಯ ಮೇಲೆ ಮಾತೆಯ ಸಣ್ಣ ಮೂರ್ತಿ ಇತ್ತು. ಅವ್ವ ಅದನ್ನು ನೋಡಿ ಶಿಲುಬೆ ಗುರುತು ಮಾಡಿಕೊಂಡಳು. ‘ನಿನ್ನ ಮನ್ಯಾಗ ನಿಂತು ಹೇಳಾಕತ್ತೇನಿ. ಹೊಣೆ ನಿಂದು’ ಎಂದು ಸಣ್ಣಗೆ ಹೇಳಿ, ಕಣ್ಣು ಮುಚ್ಚಿ, ದನಿ ಎತ್ತಿದಳು:

‘ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚ, ಖಾರ ಕಮ್ಮಿ,
ನಮ್ಮನಿ ಇನ್ನಾಸಪ್ಪನವ್ರಿಗೆ ಸಿಟ್ಟ ಹೆಚ್ಚ, ಬುದ್ಧಿ ಕಮ್ಮಿ!’

ಇಡೀ ಪುಣ್ಯಕ್ಷೇತ್ರಕ್ಕೆ ಅದು ಕೇಳಿಸಿತು. ಬಯಲಿನಲ್ಲಿ ಸಾವಿರಾರು ಜನ. ಇದು ಯಾವುದೋ ದೂರದೇಶದ ಪ್ರಾರ್ಥನೆ ಎಂದುಕೊಂಡು ಎಲ್ಲರೂ ಒಟ್ಟಿಗೆ ‘ಆಮೆನ್’ ಅಂದರು. ಫಾದರ್ ಬೋನಿಫಾಸ್ ತಲೆ ಮೇಲೆ ಕೈಯಿಟ್ಟುಕೊಂಡರು. ಎರಡು ನಿಮಿಷದಲ್ಲಿ ಅಪ್ಪ ಕೋಟು ಹಾರಿಸುತ್ತ, ಮದುಮಗನಂತೆ ನಗುತ್ತ ಓಡಿಬಂದ. ಅವ್ವ ಬಾಗಿಲಿಂದಲೇ ಕಿರುಚಿದಳು, ‘ಓಡಬ್ಯಾಡ್ರೀ! ಎದಿ, ಎದಿ!’

ಬಸ್ಸಿನಲ್ಲಿ ಅಪ್ಪ ನಮ್ಮ ಮುಂದಿನ ಸೀಟಿನಲ್ಲೇ ಕುಳಿತು, ಪಕ್ಕದವರಿಗೆಲ್ಲ ತನ್ನ ಹೆಸರಿನ ಅರ್ಥ ಹೇಳುತ್ತಿದ್ದ. ನಾನು ಅವ್ವನನ್ನು ಕೇಳಿದೆ, ‘ಇಷ್ಟು ಚಂದ ಒಡಪು ಬರ್ತೈತಿ. ಅವತ್ತ ಹೊಸ್ತಿಲಾಗ ಯಾಕ ಹೇಳ್ಲಿಲ್ಲ?’

ಅವ್ವ ರೊಟ್ಟಿ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡಳು. ‘ನಮ್ಮಕ್ಕ ಸಂತಾನವ್ವ ಹೇಳಿದ್ಲು. ಒಡಪು ಕಟ್ಟಿ, ನಕ್ಕೋಂತ ಹೇಳಿದ್ಲು. ಮೂರು ತಿಂಗಳಿಗೆ ಭಾವ ವಾಂತಿಭೇದಿಯಾಗಿ ಹೋದ. ಒಡಪಿಗೆ ದೋಷ ಇಲ್ಲ ಅಂತ ಅಕಿಗೂ ಹೇಳಿದ್ರು ಎಲ್ಲಾರೂ. ಆಮ್ಯಾಲ ನನ್ನ ಲಗ್ನ. ಮಂದಿ ನಗ್ಲಿ, ಇವ್ರು ಸಿಟ್ಟಾಗ್ಲಿ, ಬದುಕಿದ್ರ ಸಾಕಲ್ಲವ್ವಾ.’

ಮೂವತ್ತೈದು ವರ್ಷ ನಾವೆಲ್ಲ ನಕ್ಕದ್ದು ಇದಕ್ಕೇನಾ ಎಂದು ನಾಚಿಕೆಯಾಯಿತು. ಮುಂದಿನ ಸೀಟಿನಲ್ಲಿ ಅಪ್ಪನ ಮಾತು ಯಾವಾಗಲೋ ನಿಂತುಹೋಗಿತ್ತು. ಊರು ಮುಟ್ಟುವವರೆಗೂ ಅವನು ಹೆಸರಿನ ಸುದ್ದಿ ತೆಗೆಯಲಿಲ್ಲ.

ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲಬೇಕಲ್ಲ. ಬ್ಯಾಡಗಿ ಸ್ಟೇಷನ್ನಿಗೆ ಬಂದಿದ್ದ ಮಹಮೂದಾಬೇಗಂಗೆ ಮೈಕಿನ ಕತೆಯನ್ನು ಹೇಳಿಯೇಬಿಟ್ಟೆ. ಸಂತಾನವ್ವನ ಸುದ್ದಿ ಮಾತ್ರ ಹೇಳಲಿಲ್ಲ. ನಾವು ಓಣಿ ಮುಟ್ಟುವಷ್ಟರಲ್ಲಿ ಕತೆ ನಮಗಿಂತ ಮುಂದೆ ಓಡಿತ್ತು. ಮೈಲವ್ವ ನಮ್ಮ ಮನೆಯ ಹೊಸ್ತಿಲಿಗೆ ಅಡ್ಡ ನಿಂತಿದ್ದಳು, ಹಿಂದೆ ಹತ್ತು ಹೆಂಗಸರು.

‘ಪರದೇಶದ ಮಂದಿಗೆ ಹೇಳಿದಿ, ನಮಗ್ಯಾಕ ಇಲ್ಲ? ಕೊಡ ಒದ್ದಾಕಿ, ಹೆಸರು ಹೇಳು. ಇಲ್ಲಂದ್ರ ಒಳಗ ಬಿಡಂಗಿಲ್ಲ.’

ಅವ್ವನ ಮುಖ ಸಪ್ಪಗಾಯಿತು. ಇಲ್ಲಿ ಹೊಣೆ ಹೊರಲು ಮಾತೆಯ ಮನೆ ಇರಲಿಲ್ಲ. ಅವಳು ಅಪ್ಪನತ್ತ ನೋಡಿದಳು. ಮೂವತ್ತೈದು ವರ್ಷ ಅವನು ಕಾದದ್ದು ಇದೇ ಹೊಸ್ತಿಲಿಗೆ, ಇದೇ ಗಳಿಗೆಗೆ.

ಅಪ್ಪ ಚೀಲ ಕೆಳಗಿಟ್ಟ.

‘ಸರೀರೆವ್ವಾ, ಸರೀರಿ. ಅಕಿ ಹೆಸರು ಹೇಳೂದು ಬ್ಯಾಡ. ನಾ ಇನ್ನೂ ಭಾಳ ದಿನ ಬದುಕೂದೈತಿ, ಅಕಿ ಜೋಡಿ.’

ಹಾಗೆಂದು ಅವ್ವನ ಕೈ ಹಿಡಿದು ಹೊಸ್ತಿಲು ದಾಟಿಸಿದ.