ಗೋಪಿನಾಥರಾಯರ ಕಂಪ್ಯೂಟರಿನ ದೇವರುಗಳು

ಗೋಪಿನಾಥರಾಯರ ಮನೆಯ ಕಂಪ್ಯೂಟರಿನ ಗುಂಡಿ ಒತ್ತಿದರೆ, ಅದು ಕಣ್ಣು ಬಿಡುವಷ್ಟರಲ್ಲಿ ಉಪ್ಪಿಟ್ಟು ಮಾಡಿ ಮುಗಿಸಬಹುದಿತ್ತು. ಸೊಸೆ ಶರ್ವರಿ ಮಾಡಿಯೂ ನೋಡಿದ್ದಳು. ಉಪ್ಪಿಟ್ಟು ಆರಿತು, ಕಂಪ್ಯೂಟರ್ ಏಳಲಿಲ್ಲ.

ತಾರ್ನಾಕದ ರಾಯರು ನೀರಾವರಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಯಾರಿಗೂ ಎದುರಾಡಿದವರಲ್ಲ, ಯಾರ ಮಾತನ್ನೂ ಕೇಳಿದವರೂ ಅಲ್ಲ. ಬೀದರದ ಬೀಗರು, ಕಲಬುರಗಿಯ ಷಡ್ಡಕರು ವಾಟ್ಸಾಪಿನಲ್ಲಿ ಕಳಿಸುವ ದೇವರ ಪಟಗಳನ್ನು ದಿನಾ ಸ್ನಾನ ಮಾಡಿ ಕಂಪ್ಯೂಟರಿಗೆ ಇಳಿಸಿಕೊಂಡು, ಕೈಮುಗಿದು, ಜೋಪಾನವಾಗಿ ಇಡುತ್ತಿದ್ದರು. ಕೆಲವು ಪಟಗಳಲ್ಲಿ ದೀಪವೂ ಉರಿಯುತ್ತಿತ್ತು, ಗಂಟೆಯೂ ಬಾರಿಸುತ್ತಿತ್ತು. ವರ್ಷಗಟ್ಟಲೆ ಒಂದನ್ನೂ ಅಳಿಸದ್ದರಿಂದ, ತೆರೆಯ ಮೇಲೆ ಎಳ್ಳು ಹಾಕಿದರೆ ಬೀಳದಷ್ಟು ದೇವರು ಕಿಕ್ಕಿರಿದಿದ್ದರು.

ಶರ್ವರಿಯ ಸಂಕಟ ಬೇರೆ. ಹೆರಿಗೆಗೆಂದು ಬಿಟ್ಟ ನೌಕರಿ ಮತ್ತೆ ಸಿಕ್ಕಿರಲಿಲ್ಲ. ಈಗ ಮಗಳು ಶಾಲೆಗೆ ಹೋಗುವಂತಾದ ಮೇಲೆ ಆನ್‌ಲೈನ್ ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆಲಸ ಕೈಗೆಟುಕುವಂತಿತ್ತು. ಆದರೆ ಮೊದಲ ಪರೀಕ್ಷಾಪಾಠದಲ್ಲಿ ಭಿನ್ನರಾಶಿ ಶುರುಮಾಡುತ್ತಲೇ ಕಂಪ್ಯೂಟರ್ ಕೈಕೊಟ್ಟು, ಅವಳ ಮುಖ ಬಾಯಿ ತೆರೆದುಕೊಂಡೇ ತೆರೆಯ ಮೇಲೆ ಕಲ್ಲಾಗಿ ನಿಂತಿತು. ಶಾಲೆಯವರು ಇನ್ನೊಂದೇ ಅವಕಾಶ ಕೊಟ್ಟಿದ್ದರು: ಇವತ್ತು ಹನ್ನೊಂದಕ್ಕೆ, ಫೋನಿನಲ್ಲಿ ನಡೆಯದು. ಗಂಡ ಸುಶಾಂತ, "ಅಪ್ಪಗ ನಾ ಏನ್ ಹೇಳ್ಲಿ, ನೀನೇ ನೋಡ್ಕೋ" ಎಂದು ತನ್ನ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಮಣಿಕೊಂಡದ ಆಫೀಸಿಗೆ ಜಾರಿಕೊಂಡ. ಇದ್ದರೆ ಇಂಥ ಗಂಡ ಇರಬೇಕು!

"ಮಾಮಾ, ಹಳೇ ಪಟಾ ಅಳಸ್ತೀನ್ರಿ. ಜಾಗಾ ಇಲ್ದ ಇದು ತೆವಳಾಕತ್ತೈತಿ."

"ಅಳಿಸಿದ್ರ ಎಲ್ಲಿ ಹೋಗ್ತಾವ?"

ಶರ್ವರಿ ತೆರೆಯ ಮೂಲೆಯಲ್ಲಿದ್ದ ಬುಟ್ಟಿ ತೋರಿಸಿದಳು. ರಾಯರ ಮುಖ ಕಪ್ಪಿಟ್ಟಿತು.

"ದೇವರನ್ನ ಕಸದ ಬುಟ್ಟ್ಯಾಗ ಹಾಕ್ತೀಯೇನವ್ವಾ?"

"ಅದು ಖರೇ ಬುಟ್ಟಿ ಅಲ್ರಿ, ಬರೇ ಚಿತ್ರ!"

"ದೇವರೂ ಚಿತ್ರನೇ. ಆದ್ರ ದಿನಾ ಕೈ ಮುಗಿದೀನಲ್ಲ?"

ಶರ್ವರಿ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ. ಅಷ್ಟರಲ್ಲಿ ಅವಳಿಗೊಂದು ಉಪಾಯ ಹೊಳೆಯಿತು.

"ಮಾಮಾ, ಚೌತಿ ಗಣಪತಿಗೆ ಉತ್ತರಪೂಜಾ ಮಾಡಿ, ಅಕ್ಷತಾ ಹಾಕಿ ಕದಲಿಸಿದ ಮ್ಯಾಲ ಏನ್ ಉಳಿತೈತ್ರಿ?"

"ಮಣ್ಣು. ದೇವರು ಹೋಗಿಬಿಟ್ಟಿರ್ತಾನ."

"ಹಂಗಾದ್ರ ಇವಕ್ಕೂ ಮಾಡ್ರಿ. ಲಗೂನ!"

ಬೇಗ ಎಂಬುದು ರಾಯರ ಜಾತಕದಲ್ಲೇ ಇಲ್ಲ. ಮಡಿ ಉಟ್ಟರು, ಅಕ್ಷತೆ ಕಲಸಿದರು, ಒಂದೊಂದೇ ದೇವರ ಹೆಸರು ಹಿಡಿದು ಮಂತ್ರ ಹೇಳಿದರು. ಅಕ್ಷತೆ ಕಾಳು ಕೀಬೋರ್ಡಿನ ಸಂದಿಗೆ ಬಿತ್ತು. ಶರ್ವರಿ ಹಲ್ಲು ಕಚ್ಚಿಕೊಂಡು ಅದನ್ನು ಬೋರಲು ಹಾಕಿ ಕೊಡವಿದಳು. ಕೊನೆಗೆ ರಾಯರು ಮೌಸ್ ಹಿಡಿದು ಪಟಗಳನ್ನೆಲ್ಲ ಚೂರು ಕದಲಿಸಿದರು. ಹನ್ನೊಂದಾಗುತ್ತ ಬಂದಿತ್ತು. ಶರ್ವರಿ ಗಬಗಬನೆ ಎಲ್ಲವನ್ನೂ ಬುಟ್ಟಿಗೆ ಎಳೆದಳು.

ಬುಟ್ಟಿ ಖಾಲಿ ಮಾಡಹೋದಾಗ, ಶಾಶ್ವತವಾಗಿ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಬೆಳಗಿನಿಂದ ಸಿಡಿಮಿಡಿಗುಟ್ಟುತ್ತಿದ್ದವಳ ಬೆರಳು ಈಗ ಮುಂದೆ ಹೋಗಲೊಲ್ಲದು. ಕಾಲಿಗೆ ಪುಸ್ತಕ ತಾಗಿದರೂ ಕಣ್ಣಿಗೊತ್ತಿಕೊಂಡು ಬೆಳೆದವಳು ಅವಳೂ ತಾನೇ.

"ಮಾಮಾ, ನನ್ನ ಕೈಲೆ ಆಗೂದಿಲ್ರಿ."

ರಾಯರು ಅವಳ ಕೈಯನ್ನು ಮೆಲ್ಲಗೆ ಸರಿಸಿದರು. "ಪಾಪ ಬಂದ್ರ ನನಗ ಬರ್ಲಿ. ನೀ ಪಾಠಾ ಹೇಳವ್ವಾ," ಎಂದು ತಾವೇ ಒತ್ತಿದರು. ಒತ್ತುವ ಮೊದಲು ಅವರು ತೆರೆಗೆ ಇನ್ನೊಮ್ಮೆ ಕೈಮುಗಿದದ್ದು ಅವಳಿಗೆ ಕಂಡಿತು.

ಹನ್ನೊಂದು ಹೊಡೆಯಿತು, ಶರ್ವರಿ ಪಾಠದ ಕೊಂಡಿ ಒತ್ತಿದಳು. ಹಾಳು ಕಂಪ್ಯೂಟರ್! ಕಣ್ಣೊರೆಸಿಕೊಳ್ಳಲು ಒಂದು ಗಳಿಗೆ ಬೇಕಾಗಿದ್ದ ಹೊತ್ತಿಗೇ ಅದು ಸರಕ್ಕನೆ ತೆರೆದುಕೊಂಡು, ಅವಳ ಒದ್ದೆ ಮುಖವನ್ನು ಇಡೀ ತರಗತಿಗೆ ತೋರಿಸಿತು.